ಮರಳಿನ ಚೀಲ

ಇನ್ನೊಬ್ಬರ ಹೆಗಲ ಮೇಲೆ ಬಂದೂಕಿಟ್ಟು ಗುಂಡು ಹಾರಿಸುವುದು ಎಂಬ ಮಾತನ್ನು ನಾವು ಹೊಗಳಿಕೆಗೆ ಎಂದೂ ಬಳಸುವುದಿಲ್ಲ. ಅದರ ಅರ್ಥ ಬೇರೆಯೇ ಆದರೂ, ಬಂದೂಕು ಹಿಡಿದವನು ತನ್ನ ತೋಳಿನ ಬಲದಿಂದಲೇ ಅದನ್ನು ಎತ್ತಿ ಹಿಡಿಯಬೇಕು, ಯಾವುದಕ್ಕೋ ಆನಿಸಿ ಹೊಡೆದದ್ದು ಹೊಡೆತವೇ ಅಲ್ಲ ಎಂಬ ಭಾವನೆಯೊಂದು ಆ ಮಾತಿನೊಳಗೆ ಅಡಗಿದೆ ಎಂದು ನನಗೆ ತೋರುತ್ತದೆ. ಈ ಭಾವನೆಯನ್ನು ನಾನೂ ಬಹುಕಾಲ ಹೊತ್ತು ನಡೆದವನು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ದೂರದ ಜರ್ಮನಿಯ ಒಂದು ಹಳ್ಳಿಯಲ್ಲಿ, ಅದನ್ನು ಕೆಳಗಿಳಿಸಿ ಬಂದೆ. ಈ ಸಂಗತಿಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೆ. ಬರೆಯಲು ಸಂಕೋಚವೂ ಇತ್ತು. ಏಕೆಂದರೆ ಇದರಲ್ಲಿ ನನ್ನದೊಂದು ತಪ್ಪಿನ ಒಪ್ಪಿಗೆಯೂ ಇದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನಾನು ವಿಜ್ಞಾನದ ಮೇಷ್ಟರೆಂದಷ್ಟೇ ನೆನಪು. ೧೯೭೦ರ ದಶಕದಲ್ಲಿ ಓದಿದವರಿಗೆ ಮಾತ್ರ ನನ್ನ ಖಾಕಿ ಸಮವಸ್ತ್ರವೂ ನೆನಪಿರಬಹುದು. ನಾಗಪುರದ ಬಳಿಯ ಕಾಮಟಿಯಲ್ಲಿ ತರಬೇತಿ ಪಡೆದು, ಎನ್.ಸಿ.ಸಿ.ಯ ಥರ್ಡ್ ಆಫೀಸರ್ ಎಂಬ ಪದವಿಯೊಂದಿಗೆ ಮಲೆನಾಡಿನ ನಮ್ಮ ಪ್ರೌಢಶಾಲೆಗೆ ಮರಳಿದ್ದೆ. ಕವಾಯತು, ನಕಾಶೆ ಓದುವುದು, ಪ್ರಥಮ ಚಿಕಿತ್ಸೆ ಇವೆಲ್ಲ ಇದ್ದರೂ ಹುಡುಗರು ಕಾಯುತ್ತಿದ್ದುದು ಪಾಯಿಂಟ್ ಟೂ ಟೂ ರೈಫಲ್ಲಿನ ದಿನಕ್ಕೆ. ಆ ಪಾಠಕ್ಕೆ ಹಿಂದಿಯಲ್ಲಿ ‘ಶಿಸ್ತ್ ಲೇನಾ’ ಎಂದು ಹೆಸರು. ಗುರಿ ಹಿಡಿಯುವುದು ಎಂದರ್ಥ. ಕನ್ನಡದ ಹುಡುಗರಿಗೆ ಶಿಸ್ತು ಎಂದರೆ ಬೇರೆಯಷ್ಟೆ. ‘ಶಿಸ್ತು ತಗೊಳ್ಳಿ ಅಂತಾರೆ, ಎಲ್ಲಿ ಸಿಗುತ್ತೆ ಸಾರ್?’ ಎಂದು ಒಬ್ಬ ಕೇಳಿ ಬೈಸಿಕೊಂಡದ್ದೂ ಉಂಟು. ಊರ ಹೊರಗಿನ ಗುಡ್ಡದ ಬುಡದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಹಲಗೆ, ಈ ಕಡೆ ಹಾಸಿದ ಜಮಖಾನೆಯ ಮೇಲೆ ಬೋರಲು ಮಲಗಿದ ಹುಡುಗ. ತಲೆಗೆ ಐದೇ ಗುಂಡು. ಹಾರಿಸಿದ ಮೇಲೆ ಖಾಲಿ ತೋಟೆಗಳನ್ನು ಹುಲ್ಲಿನಲ್ಲಿ ಹುಡುಕಿ, ಎಣಿಸಿ, ಲೆಕ್ಕ ಒಪ್ಪಿಸಬೇಕು.

ಹೊಸಬರಿಗೆ ಮೊದಲ ದಿನ ರೈಫಲ್ಲಿನ ಕೆಳಗೆ ಮರಳಿನ ಚೀಲ ಇಡುತ್ತಿದ್ದೆವು. ಗುರಿ, ಉಸಿರು, ಕುದುರೆ ಈ ಮೂರನ್ನು ಮೊದಲು ಕಲಿಯಲಿ, ಭಾರ ಹೊರುವುದನ್ನು ಆಮೇಲೆ ಕಲಿಯಲಿ ಎಂಬುದು ಅದರ ಉದ್ದೇಶ. ಟ್ರಿಗರಿಗೆ ನಮ್ಮ ಕಡೆಯ ಕೋವಿಯವರು ಕುದುರೆ ಎನ್ನುತ್ತಿದ್ದರಾದ್ದರಿಂದ ನಾನೂ ಹಾಗೆಯೇ ಹೇಳಿಕೊಡುತ್ತಿದ್ದೆ.

೧೯೭೯ರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿದ್ದ. ತಂದೆ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯುವ ಕೊನೆಗಾರ. ಹುಡುಗ ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಮೂಳೆ ಕೂಡಿತ್ತು, ಬಲ ಮರಳಿರಲಿಲ್ಲ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಅವನು ಹಾರಿಸಿದ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಬಿದ್ದಿದ್ದವು. ಅಂಥ ಗುಂಪು ನಾನು ಹುಡುಗರಲ್ಲಿ ಕಂಡದ್ದು ಕಡಿಮೆ. ಮುಂದಿನ ವಾರ ಚೀಲ ತೆಗೆಸಿದೆ. ಗುಂಡುಗಳು ಹಲಗೆಯ ನಾಲ್ಕೂ ಮೂಲೆಗೆ ಚದುರಿದವು. ಅವನು ಮೆಲ್ಲಗೆ, ‘ಸಾರ್, ಇನ್ನೊಂದ್ಸಲ ಚೀಲ ಇಟ್ಕೊಳ್ಲಾ?’ ಎಂದು ಕೇಳಿದ. ಸಾಲಾಗಿ ಕುಳಿತಿದ್ದ ಇಪ್ಪತ್ತು ಹುಡುಗರೆದುರು ನಾನು ಹೇಳಿದೆ: ‘ಹೋದ ವಾರ ಹೊಡೆದದ್ದು ಮರಳಿನ ಚೀಲ ಕಣೋ, ನೀನಲ್ಲ.’

ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ. ಮುಂದಿನ ವಾರದಿಂದ ಪರೇಡಿಗೆ ಬರಲಿಲ್ಲ. ಶಿಬಿರದ ಸ್ಪರ್ಧೆಗೆ ಚೀಲವಿಲ್ಲದೆ ಹೊಡೆಯಬಲ್ಲವರನ್ನೇ ಆರಿಸಬೇಕಿತ್ತು, ಅದು ನಿಯಮ. ಆ ಮಟ್ಟಿಗೆ ನಾನು ಮಾಡಿದ್ದು ಸರಿ. ಆದರೆ ನಿಯಮ ಹೇಳುವುದಕ್ಕೆ ಆ ವಾಕ್ಯ ಬೇಕಿರಲಿಲ್ಲ. ಆಗ ನನಗೆ ಹಾಗೇನೂ ಅನಿಸಲಿಲ್ಲ. ಒಳ್ಳೆಯ ಮಾತೊಂದನ್ನು ಆಡಿದೆನೆಂದೇ ಭಾವಿಸಿದ್ದೆ.

ನಾನು ನಿವೃತ್ತನಾಗಿ ಇಪ್ಪತ್ತು ವರ್ಷಗಳು ಕಳೆದವು. ಕೆಲವು ವರ್ಷಗಳಿಂದ ನನ್ನ ಬಲಗೈ ನಡುಗತೊಡಗಿದೆ. ಸುಮ್ಮನಿದ್ದಾಗ ಇಲ್ಲ, ಕಾಫಿ ಲೋಟ ಎತ್ತಿದಾಗ, ಸಹಿ ಮಾಡುವಾಗ. ಕಂಪವಾತವಾದರೆ ಸಾಮಾನ್ಯವಾಗಿ ಕೈ ವಿಶ್ರಾಂತಿಯಲ್ಲಿರುವಾಗ ನಡುಗುತ್ತದೆ, ನಿಮ್ಮದು ಕೆಲಸ ಮಾಡುವಾಗ ಬರುವ ನಡುಕ, ಬೇರೆ ಜಾತಿಯದು ಎಂದು ವೈದ್ಯರು ಸಮಾಧಾನ ಹೇಳಿ ಮಾತ್ರೆ ಕೊಟ್ಟರು. ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ನೇರ ಗೆರೆ ಎಳೆದ ಕೈ ಇದು. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಿರಿ ಎಂದು ಮನೆಯಾಕೆ ಹೇಳಿದರೆ ಕೋಪ ಬರುತ್ತಿತ್ತು. ಮಂಡಿ ನೋವಿಗೆಂದು ಮಗಳು ತಂದುಕೊಟ್ಟ ಊರುಗೋಲು ಬಾಗಿಲ ಹಿಂದೆ ನಿಂತಿತ್ತು. ಅಂಗಳದಲ್ಲಿ ಒಮ್ಮೆ ಜಾರಿ ಬಿದ್ದ ಮೇಲೂ ಅದು ಅಲ್ಲಿಯೇ ನಿಂತಿತ್ತು.

೨೦೨೪ರ ಜೂನ್‌ನಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಜರ್ಮನಿಗೆ ಹೋದೆವು. ಅವರಿರುವುದು ಬವೇರಿಯಾ ಪ್ರಾಂತ್ಯದ ಎರ್‌ಲಾಂಗೆನ್ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತೊಂದು ವರ್ಷದ ಹಿರಿಯರೊಬ್ಬರು. ಬಡಗಿಯಾಗಿ ದುಡಿದು ನಿವೃತ್ತರಾದವರು. ಒಂದು ಮಂಡಿ ಬದಲಾಯಿಸಲಾಗಿದೆ, ಭುಜಕ್ಕೂ ಶಸ್ತ್ರಚಿಕಿತ್ಸೆಯಾಗಿದೆ. ಬೇಲಿಯ ಈಚೆಗೆ ನಾನು, ಆಚೆಗೆ ಅವರು, ನಡುವೆ ದುಭಾಷಿಯಾಗಿ ಹದಿಮೂರು ವರ್ಷದ ಮೊಮ್ಮಗ. ನಾನು ಹಿಂದೆ ರೈಫಲ್ ಕಲಿಸುತ್ತಿದ್ದೆನೆಂದು ಹುಡುಗ ಹೇಳಿದ್ದೇ ತಡ, ಶುಕ್ರವಾರ ಸಂಜೆ ತಮ್ಮ ಸಂಘಕ್ಕೆ ಬರಲೇಬೇಕೆಂದು ಅವರು ಹಟ ಹಿಡಿದರು.

ಅಲ್ಲಿ ಗುರಿಕಾರರ ಸಂಘವೆಂದರೆ ನಮ್ಮ ಊರುಗಳ ಭಜನಾ ಮಂಡಳಿ ಇದ್ದಂತೆ. ಸಣ್ಣ ಹಳ್ಳಿಗಳಲ್ಲೂ ಇರುತ್ತದೆ. ಮಧ್ಯಯುಗದಲ್ಲಿ ಊರು ಕಾಯಲು ಹುಟ್ಟಿಕೊಂಡ ಕೂಟಗಳ ಪರಂಪರೆ ಇದು. ಇಂಥ ಸಂಘಗಳ ಒಕ್ಕೂಟ ೧೮೬೧ರಲ್ಲಿ ಗೋಟಾ ಎಂಬ ಊರಿನಲ್ಲಿ ಸ್ಥಾಪನೆಯಾಯಿತು. ಜರ್ಮನಿ ಒಂದು ದೇಶವಾಗಿ ಒಗ್ಗೂಡಿದ್ದೇ ಅದಾದ ಹತ್ತು ವರ್ಷಗಳ ಮೇಲೆ. ೨೦೧೫ರಲ್ಲಿ ಈ ಸಂಪ್ರದಾಯ ಆ ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ನಾವು ಹೋದ ಕಟ್ಟಡದಲ್ಲಿ ಒಂದು ಕಡೆ ಊಟ ಉಪಾಹಾರದ ಕೋಣೆ, ಗೋಡೆಯ ಮೇಲೆ ಬಣ್ಣ ಬಳಿದ ಹಳೆಯ ಮರದ ಗುರಿಹಲಗೆಗಳು. ಇನ್ನೊಂದು ಕಡೆ ಹತ್ತು ಮೀಟರಿನ ಸಾಲುಗಳು. ಬಿಯರು ಗುರಿಯಾದ ಮೇಲೆ, ಮೊದಲಲ್ಲ.

ಆ ಸಂಜೆ ಅಲ್ಲಿದ್ದವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನ ಆಸುಪಾಸಿನವರು. ಪ್ರತಿಯೊಬ್ಬರ ಮುಂದೆಯೂ ಎದೆಯೆತ್ತರದ ಒಂದು ಕಂಬ, ಅದರ ತಲೆಯ ಮೇಲೆ ಸಣ್ಣದೊಂದು ಅಡ್ಡಪಟ್ಟಿ. ರೈಫಲ್ಲಿನ ಮುಂಭಾಗವನ್ನು ಅದರ ಮೇಲಿಟ್ಟು ಗುರಿ ಹಿಡಿಯುತ್ತಿದ್ದರು. ಪಿಸ್ತೂಲಿನವರೂ ಹಾಗೆಯೇ. ನನ್ನ ಮನಸ್ಸಿಗೆ ಮೊದಲು ಬಂದ ಮಾತು, ನಾಚಿಕೆಯಾದರೂ ಹೇಳುತ್ತೇನೆ, ‘ಓ, ಮರಳಿನ ಚೀಲದವರು’ ಎಂದೇ.

ಇದಕ್ಕೆ ಅವರು ‘ಔಫ್‌ಲಾಗೆ’ ಎನ್ನುತ್ತಾರೆ. ಆನಿಸಿಕೊಳ್ಳುವ ಆಸರೆ ಎಂದರ್ಥ. ಅದೇ ಪದಕ್ಕೆ ಪುಸ್ತಕದ ಮುದ್ರಣ, ಆವೃತ್ತಿ ಎಂಬ ಅರ್ಥವೂ ಇದೆಯೆಂದು ಮೊಮ್ಮಗ ವಿವರಿಸಿದ. ಹಿರಿಯರು ತಮ್ಮ ಎದೆ ತಟ್ಟಿಕೊಂಡು, ‘ಇದು ಎರಡನೆಯ ಮುದ್ರಣ’ ಎಂದು ನಕ್ಕರು. ಇದು ಕೇವಲ ಕಾಲ ಕಳೆಯುವ ಆಟವಲ್ಲ, ಲಿಖಿತ ನಿಯಮಗಳುಳ್ಳ ಸ್ಪರ್ಧೆ. ಜಿಲ್ಲೆಯಿಂದ ರಾಷ್ಟ್ರಮಟ್ಟದವರೆಗೆ ಹಿರಿಯರಿಗಾಗಿ ನಡೆಯುತ್ತದೆ. ಎಪ್ಪತ್ತು ದಾಟಿದವರು ಐವತ್ತೈದರವರೊಡನೆ ಹೋರಾಡಬೇಕಾಗದಂತೆ ವಯಸ್ಸಿನ ವರ್ಗಗಳಿವೆ. ತೀರ ವಯಸ್ಸಾದವರಿಗೆ ಎತ್ತರದ ಸ್ಟೂಲಿನ ಮೇಲೆ ಕೂರಲು ಅವಕಾಶವಿದೆ.

ಆಸರೆಗೂ ಮಿತಿಯಿದೆ. ಬಂದೂಕನ್ನು ಕಂಬಕ್ಕೆ ಕಟ್ಟುವಂತಿಲ್ಲ, ಬಿಗಿಯುವಂತಿಲ್ಲ, ಸುಮ್ಮನೆ ಇರಿಸಬೇಕು. ಅದರ ಹಿಂಬದಿ ಹೆಗಲಿಗೇ ಆನಿಕೊಂಡಿರಬೇಕು. ಎಂದರೆ ಕಂಬ ಹೊರುವುದು ಮುಂದಿನ ಭಾರವನ್ನು ಮಾತ್ರ, ಹಿಂದಿನದೆಲ್ಲ ಹೊಡೆಯುವವನದೇ. ಸ್ಪರ್ಧೆಯ ಏರ್ ರೈಫಲ್ ಐದೂವರೆ ಕಿಲೋ ತನಕ ತೂಗಬಹುದು. ಅದನ್ನು ನಿಂತು ಎತ್ತಿ ಹಿಡಿದು ಅರವತ್ತು ಬಾರಿ ಹಾರಿಸುವುದು ಮುದಿ ಬೆನ್ನಿಗೂ ಭುಜಕ್ಕೂ ಆಗದ ಮಾತು. ಅಷ್ಟಕ್ಕಾಗಿ ಒಬ್ಬ ಗುರಿಕಾರ ಮನೆಯಲ್ಲಿ ಕೂರಬೇಕೇಕೆ ಎಂಬ ಪ್ರಶ್ನೆಗೆ ಈ ಕಂಬ ಉತ್ತರ.

ಇನ್ನು ಗುರಿಯ ವಿಷಯ. ಮೇಷ್ಟರ ಚಾಳಿ, ಸ್ವಲ್ಪ ಲೆಕ್ಕ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಏರ್ ರೈಫಲ್ಲಿನ ಸೀಸದ ಗುಂಡು ೪.೫ ಮಿಲಿಮೀಟರ್ ದಪ್ಪ. ಹತ್ತು ಮೀಟರ್ ದೂರದ ಗುರಿಯ ನಡುವೆ ಇರುವ ‘ಹತ್ತು’ ಎಂಬ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ಅಂದರೆ ಪೆನ್ಸಿಲಿನಿಂದ ಇಟ್ಟ ಬೊಟ್ಟು. ಗುಂಡಿನ ಅಂಚು ಆ ಬೊಟ್ಟಿಗೆ ತಾಗಿದರೂ ಹತ್ತು ಅಂಕ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯುವುದು ಮೂಲ ಪದ್ಧತಿಯಾದ್ದರಿಂದ ಅದರ ‘ಹತ್ತು’ ದೊಡ್ಡದು, ೧೧.೫ ಮಿಲಿಮೀಟರ್. ಆಸರೆಯಿದ್ದರೆ ಮೂವತ್ತಕ್ಕೆ ಮೂವತ್ತೂ ಹತ್ತು ಹೊಡೆಯುವ ಹಿರಿಯರು ಅನೇಕರಿರುವುದರಿಂದ ಅವರನ್ನು ಬೇರ್ಪಡಿಸಲು ಹತ್ತರೊಳಗೂ ದಶಮಾಂಶ ಎಣಿಸುತ್ತಾರೆ. ರೈಫಲ್ಲಿನಲ್ಲಿ ಒಂದು ದಶಮಾಂಶವೆಂದರೆ ಕಾಲು ಮಿಲಿಮೀಟರ್. ಅತಿ ಹೆಚ್ಚೆಂದರೆ ೧೦.೯. ಮೂವತ್ತು ಗುಂಡಿಗೆ ಪರಿಪೂರ್ಣ ಅಂಕ ೩೨೭. ನಮ್ಮ ಹಿರಿಯರು ಆ ಸಂಜೆ ೩೦೯.೪ ಪಡೆದು, ಇವತ್ತು ಚೆನ್ನಾಗಿಲ್ಲ ಎಂದು ಗೊಣಗಿದರು.

ನಂತರ ನನ್ನ ಸರದಿ. ಅತಿಥಿಯಾಗಿ, ಅವರ ಮೇಲ್ವಿಚಾರಣೆಯಲ್ಲಿ, ಹತ್ತು ಗುಂಡು. ಕಂಬವಿದೆ, ಭಾರವಿಲ್ಲ, ಹಳೆಯ ಅನುಭವವಿದೆ. ಇನ್ನೇನು ಬೇಕು ಎಂದುಕೊಂಡೆ. ಮೊದಲ ಗುಂಡಿಗೆ ಪರದೆಯ ಮೇಲೆ ಮೂಡಿದ್ದು ೬.೩. ಎರಡನೆಯದು ೭.೧. ಮೂರನೆಯದು ೫.೮. ಮೊಮ್ಮಗ ಪರದೆಯನ್ನು ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಸುಮ್ಮನಾದ. ಹತ್ತು ಗುಂಡು ಸೇರಿ ೭೮.೪.

ಆಗ ಹಿರಿಯರು ತಿದ್ದತೊಡಗಿದರು. ನಾನು ಬಂದೂಕನ್ನು ಕೈಯಿಂದ ಒತ್ತಿ ಗುರಿಗೆ ತಿರುಗಿಸುತ್ತಿದ್ದೆ. ಗುಂಡು ಹಾರುವ ಕ್ಷಣಕ್ಕೆ ಆ ಒತ್ತಡ ಸಡಿಲವಾಗಿ ನಳಿಗೆ ಪಕ್ಕಕ್ಕೆ ಸರಿಯುತ್ತಿತ್ತು. ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಬಂದೂಕು ಎತ್ತ ನೋಡುತ್ತಿದೆಯೋ ಅದು ಅದರ ಸಹಜ ದಿಕ್ಕು. ಅದು ಗುರಿಯ ಮೇಲಿಲ್ಲದಿದ್ದರೆ ಕೈಯನ್ನಲ್ಲ, ಪಾದಗಳನ್ನು ಸರಿಸಿ ಎಂದರು. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಏಳೆಂಟು ಸೆಕೆಂಡಿನಲ್ಲಿ ಹಾರಿಸಲಾಗದಿದ್ದರೆ ಬಿಟ್ಟುಬಿಡಬೇಕು, ಹಟ ಮಾಡಬಾರದು. ಬೆರಳು ಕುದುರೆಯನ್ನು ಸೆಳೆಯಬಾರದು, ಮೆಲ್ಲಗೆ ಒತ್ತುತ್ತ ಹೋಗಬೇಕು. ಹಾರಿದ ಮೇಲೂ ಒಂದು ಕ್ಷಣ ಹಾಗೆಯೇ ನಿಲ್ಲಬೇಕು.

ಇದನ್ನೆಲ್ಲ ನಾನೇ ನೂರಾರು ಹುಡುಗರಿಗೆ ಹೇಳಿಕೊಟ್ಟಿದ್ದೆ! ಭಾರ ಹೊರುವುದೊಂದೇ ವಿದ್ಯೆಯೆಂದು ಭ್ರಮಿಸಿ ಉಳಿದದ್ದನ್ನು ಮರೆತಿದ್ದೆ. ಆಸರೆಯ ಮೇಲಿಟ್ಟಾಗ ತೋಳಿನ ಸಂಗತಿ ಹಿಂದೆ ಸರಿಯುತ್ತದೆ. ಕಣ್ಣು, ಉಸಿರು, ಬೆರಳು, ಮನಸ್ಸು ಇವುಗಳ ತಪ್ಪೆಲ್ಲ ಬಯಲಿಗೆ ಬರುತ್ತದೆ. ತೋಳು ಸೋತಿತೆಂದು ನೆಪ ಹೇಳುವಂತಿಲ್ಲ. ನನ್ನ ಎದೆಬಡಿತ ಕೂಡ ಬಂದೂಕಿನ ತುದಿಯಲ್ಲಿ ಸಣ್ಣಗೆ ಮಿಡಿಯುವುದು ಕಾಣುತ್ತಿತ್ತು.

ಒಂದು ಸಂಗತಿ ಮಾತ್ರ ನನ್ನ ಪರವಾಗಿತ್ತು. ಈ ರೈಫಲ್ಲುಗಳಲ್ಲಿ ಕಣ್ಣಿನ ಬಳಿ ಒಂದು ಪುಟ್ಟ ರಂಧ್ರದ ಮೂಲಕ ನೋಡಬೇಕು. ಮುದಿ ಕಣ್ಣು ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲಾರದು. ರಂಧ್ರ ಚಿಕ್ಕದಾದಷ್ಟೂ ಎರಡೂ ಒಂದಷ್ಟು ಸ್ಪಷ್ಟವಾಗುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಸೂಜಿರಂಧ್ರದ ಕ್ಯಾಮೆರಾ ಮಾಡಿಸಿದ್ದು ನಿಮಗೆ ನೆನಪಿದೆಯಲ್ಲ? ಅದೇ ತತ್ತ್ವ. ಮೊಮ್ಮಗನಿಗೆ ಇದನ್ನು ವಿವರಿಸುವಾಗ ಕಳೆದ ಮರ್ಯಾದೆ ಸ್ವಲ್ಪ ಮರಳಿ ಬಂದಂತಾಯಿತು.

ಚಹಾ ಕುಡಿಯುವಾಗ ನನ್ನ ಕೈ ನಡುಗುವುದನ್ನು ಹಿರಿಯರು ಕಂಡು, ಮಾತ್ರೆ ಯಾವುದು ಎಂದು ಕೇಳಿದರು. ಹೆಸರು ಹೇಳಿದೆ: ಪ್ರೊಪ್ರನೊಲಾಲ್. ಅವರು ಗಟ್ಟಿಯಾಗಿ ನಕ್ಕು, ಹಾಗಾದರೆ ನೀವು ಒಲಿಂಪಿಕ್ಸಿಗೆ ಹೋಗುವಂತಿಲ್ಲ ಎಂದರು. ಹೃದಯದ ಬಡಿತವನ್ನು ನಿಧಾನಗೊಳಿಸಿ ಕೈ ನಡುಕ ತಗ್ಗಿಸುವ ಆ ಬಗೆಯ ಔಷಧಗಳು ಗುರಿ ಸ್ಪರ್ಧೆಗಳಲ್ಲಿ ನಿಷಿದ್ಧ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಇದೇ ಮಾತ್ರೆಯ ಕಾರಣದಿಂದ ಎರಡು ಪದಕಗಳನ್ನು ಕಳೆದುಕೊಂಡರು. ಅಂದು ರಾತ್ರಿ ನಿದ್ದೆ ಬಾರದೆ ಇದನ್ನೇ ಯೋಚಿಸಿದೆ. ಮಾತ್ರೆಯೂ ಆಸರೆ, ಕಂಬವೂ ಆಸರೆ. ಒಂದು ಮೋಸ, ಇನ್ನೊಂದು ನ್ಯಾಯವಾದದ್ದು ಹೇಗೆ? ಕಂಬ ಎಲ್ಲರ ಕಣ್ಣಿಗೂ ಕಾಣುತ್ತದೆ, ಎಲ್ಲರಿಗೂ ಒಂದೇ ಅಳತೆಯದು, ಇದು ಇಂಥವರ ಆಟವೆಂದು ಮೊದಲೇ ಹೇಳಿ ಇಟ್ಟದ್ದು. ಹಾಗಾದರೆ ನಾಚಿಕೆಪಡಬೇಕಾದದ್ದು ಆಸರೆಗಲ್ಲ, ಅದನ್ನು ಮುಚ್ಚಿಡುವುದಕ್ಕೆ. ನಾನಾದರೋ ಇದ್ದ ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಟ್ಟವನು.

ಆಗ ಥಟ್ಟನೆ ಆ ಹುಡುಗ ನೆನಪಾದ. ೧೯೭೯ರ ಆ ಐದು ಗುಂಡುಗಳು. ಕಂಬದ ಮೇಲಿಟ್ಟೂ ನನಗೆ ಆರು, ಏಳು ಮಾತ್ರ ಬಿದ್ದವು. ಹಾಗಿದ್ದರೆ ಅಂದು ನಾಣ್ಯದಷ್ಟು ಜಾಗದಲ್ಲಿ ಐದು ಗುಂಡು ಕೂರಿಸಿದವರು ಯಾರು? ಮರಳಿನ ಚೀಲಕ್ಕೆ ಕಣ್ಣಿಲ್ಲ, ಉಸಿರಿಲ್ಲ, ಬೆರಳಿಲ್ಲ. ಹೊಡೆದವನು ಅವನೇ. ನಾಲ್ಕೂವರೆ ದಶಕ ತಡವಾಗಿ ನನಗೆ ಇದು ಹೊಳೆಯಿತು. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿರುತ್ತದೆ. ಮೆಣಸು ಬಿಟ್ಟಿದ್ದು ಅಡಿಕೆ ಮರ ಎಂದು ಯಾವ ತೋಟದವನೂ ಹೇಳುವುದಿಲ್ಲ.

ಆಮೇಲೆ ಪ್ರತಿ ಶುಕ್ರವಾರವೂ ಹೋದೆ. ಹಿರಿಯರು ಒಮ್ಮೆ ತಮ್ಮ ಕಥೆ ಹೇಳಿದರು. ನಲವತ್ತರ ಹರೆಯದಲ್ಲಿ ಅವರೂ ಆಸರೆಯವರನ್ನು ಕಂಡು ನಗುತ್ತಿದ್ದವರೇ. ಭುಜದ ಶಸ್ತ್ರಚಿಕಿತ್ಸೆಯ ಬಳಿಕ ಎರಡು ವರ್ಷ ಬಂದೂಕು ಮುಟ್ಟಲಿಲ್ಲ, ಸಂಘದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಗೆಳೆಯರೊಬ್ಬರು ಮನೆಗೆ ಬಂದು, ನೀನು ಬರದಿದ್ದರೆ ಕಾಫಿಗೆ ಜೊತೆಯಿಲ್ಲ ಎಂದು ಎಳೆದುಕೊಂಡು ಹೋದರಂತೆ. ‘ಆ ಎರಡು ವರ್ಷ ನಾನು ಬಲಶಾಲಿಯಾಗಿರಲಿಲ್ಲ, ಒಂಟಿಯಾಗಿದ್ದೆ’ ಎಂದರು. ಮೊಮ್ಮಗ ಇದನ್ನು ಕನ್ನಡಕ್ಕೆ ತರಲು ತಡಕಾಡಿ, ‘ಅಜ್ಜ, ಅವರು ಸ್ಟ್ರಾಂಗ್ ಇರ್ಲಿಲ್ವಂತೆ, ಒಬ್ರೇ ಇದ್ರಂತೆ, ಅಷ್ಟೇ’ ಎಂದ. ಅಷ್ಟು ಸಾಕಿತ್ತು.

ಹೊರಡುವ ಮುನ್ನಿನ ಕೊನೆಯ ಶುಕ್ರವಾರ ಮೂವತ್ತು ಗುಂಡಿಗೆ ೨೮೬.೩ ಬಂತು. ಅಲ್ಲಿಯವರ ಲೆಕ್ಕಕ್ಕೆ ಇದು ಏನೂ ಅಲ್ಲ. ನಮ್ಮ ಮನೆಯಾಕೆ ಮಾತ್ರ ಆ ಕಾಗದವನ್ನು ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು.

ಊರಿಗೆ ಮರಳಿದ ಕೆಲವು ದಿನಗಳಲ್ಲೇ ಪ್ಯಾರಿಸ್ಸಿನಲ್ಲಿ ಪ್ಯಾರಾಲಿಂಪಿಕ್ಸ್ ನಡೆಯಿತು. ಗುರಿ ಸ್ಪರ್ಧೆ ೧೯೭೬ರ ಟೊರಾಂಟೊ ಕೂಟದಿಂದಲೇ ಅದರಲ್ಲಿದೆ. ತೋಳುಗಳಲ್ಲಿ ಬಲವಿಲ್ಲದೆ ಬಂದೂಕಿನ ಭಾರ ಹೊರಲಾಗದವರಿಗೆ ಅಲ್ಲಿ ಪ್ರತ್ಯೇಕ ವರ್ಗವಿದ್ದು, ಸ್ಪ್ರಿಂಗ್ ಅಳವಡಿಸಿದ ಸ್ಟ್ಯಾಂಡಿನ ಮೇಲೆ ಏರ್ ರೈಫಲ್ ಇಟ್ಟು ಹೊಡೆಯುತ್ತಾರೆ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿಯವರು ಭಾರತದ ಪರವಾಗಿ ಆ ವರ್ಗದಲ್ಲಿ ಸ್ಪರ್ಧಿಸಿದರು. ಆ ಸುದ್ದಿ ಓದಿದ ದಿನ ನನ್ನಿಂದ ಇನ್ನು ಸುಮ್ಮನಿರಲಾಗಲಿಲ್ಲ. ಅದೇ ತಂಡದ ಒಬ್ಬ ವಿದ್ಯಾರ್ಥಿಯಿಂದ ಅವನ ದೂರವಾಣಿ ಸಂಖ್ಯೆ ಪಡೆದೆ. ಅವನು ಎಂದೆನೇ? ಈಗ ಅರವತ್ತರ ಹೊಸ್ತಿಲಲ್ಲಿರುವ, ಮೊಮ್ಮಕ್ಕಳನ್ನು ಕಂಡ ಗೃಹಸ್ಥ. ಸಣ್ಣದೊಂದು ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ.

ದನಿ ಗುರುತು ಹಿಡಿದು ಬಹಳ ಸಂತೋಷಪಟ್ಟ. ನಾನು ಸುತ್ತಿ ಬಳಸಿ, ಕೊನೆಗೆ ಹೇಳಬೇಕಾದದ್ದನ್ನು ಹೇಳಿದೆ: ಅಂದು ಇಪ್ಪತ್ತು ಜನರ ಮುಂದೆ ಹಾಗೆ ಅಂದದ್ದು ತಪ್ಪು, ಹೊಡೆದದ್ದು ನೀನೇ, ಚೀಲವಲ್ಲ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಯ್ಯೋ, ಯಾವ ಕಾಲದ ಮಾತು ಸಾರ್! ನಂಗೆ ನೆನಪೇ ಇಲ್ಲ. ನೀವು ಹಾಗೆಲ್ಲ ಹೇಳಬಾರ್ದು’ ಎಂದ. ನನ್ನ ಆರೋಗ್ಯ ವಿಚಾರಿಸಿದ. ಜರ್ಮನಿಯ ಕಥೆ ಕೇಳಿದ.

‘ಕೊನೆಗೆ ಪಾಯಿಂಟ್ ಎಷ್ಟು ಬಿತ್ತು ಸಾರ್?’

‘ಇನ್ನೂರ ಎಂಬತ್ತಾರು.’

‘ಪರವಾಗಿಲ್ಲ ಸಾರ್.’ ಒಂದು ಕ್ಷಣ ಬಿಟ್ಟು ಕೇಳಿದ: ‘ಮರಳಿನ ಚೀಲ ಕೊಟ್ಟಿದ್ರಾ?’

ಇಬ್ಬರೂ ನಕ್ಕೆವು. ನೆನಪಿಲ್ಲ ಎಂದವನಿಗೆ ಎಲ್ಲವೂ ನೆನಪಿತ್ತು.

ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ. ‘ಬರೀರಿ ಸಾರ್, ಹೆಸರು ಹಾಕ್ಬೇಡಿ’ ಎಂದ. ನನ್ನ ತರಗತಿಗಳಲ್ಲಿ ಇಂಥ ಮಾತು ಕೇಳಿ ಸುಮ್ಮನೆ ನಕ್ಕು ಹಿಂದೆ ಸರಿದವರು ಇನ್ನೂ ಕೆಲವರಿರಬಹುದು. ಅವರೂ ಇದನ್ನು ತಮಗೇ ಬರೆದದ್ದೆಂದು ತಿಳಿಯಲಿ.

ಊರುಗೋಲು ಈಗ ಬಾಗಿಲ ಹಿಂದಿಲ್ಲ. ಬೆಳಗಿನ ತಿರುಗಾಟಕ್ಕೆ ಅದು ನನ್ನ ಜೊತೆ ಬರುತ್ತದೆ. ಎದುರು ಸಿಕ್ಕವರು, ‘ಏನು ಮೇಷ್ಟ್ರೇ, ಕೋಲು ಹಿಡಿದುಬಿಟ್ರಲ್ಲ?’ ಎಂದು ಕೇಳುತ್ತಾರೆ. ಹೌದು, ನಡೆಯುತ್ತಿರುವುದು ಮಾತ್ರ ನಾನೇ ಎನ್ನುತ್ತೇನೆ.